ರೆಡ್ ಎಂಬ ಕರೆಹೆಸರಿನ ನಗೆಗಾರ

ಮೈಬಣ್ಣ ನೋಡಿ ಕೆಂಪಣ್ಣನೆಂದೋ ಕರಿಯಪ್ಪನೆಂದೋ ಊರು ಕೂಗಿದ ಹೆಸರು ಕಡೆಗೆ ಅದೇ ನಿಂತುಬಿಡುವುದು ನಮ್ಮಲ್ಲಿ ಹೊಸದಲ್ಲ. ಅಮೆರಿಕದ ನಗೆಗಾರ ರೆಡ್ ಫಾಕ್ಸ್ ಎಂಬಾತನ ಹೆಸರೂ ಹಾಗೆ ಬಂದುದೇ. ವೇಷವಿಲ್ಲದೆ, ಪಕ್ಕವಾದ್ಯವಿಲ್ಲದೆ, ವೇದಿಕೆಯಲ್ಲಿ ಒಬ್ಬನೇ ನಿಂತು ಬರಿಯ ಮಾತಿನಿಂದ ನಗಿಸುವುದು ಆತನ ಕಸುಬು.

ಆತ ಹುಟ್ಟಿದ್ದು 1922ರಲ್ಲಿ, ಸೇಂಟ್ ಲೂಯಿಸ್ ನಗರದ ಬಡ ಕರಿಯರ ಮನೆಯಲ್ಲಿ. ಇಟ್ಟ ಹೆಸರು ಜಾನ್ ಎಲ್ರಾಯ್ ಸ್ಯಾನ್‌ಫರ್ಡ್. ಮಗನಿಗೆ ನಾಲ್ಕು ವರ್ಷವಾಗಿದ್ದಾಗ ತಂದೆ ಫ್ರೆಡ್ ಸ್ಯಾನ್‌ಫರ್ಡ್ ಮನೆ ಬಿಟ್ಟು ಹೋದ. ಹುಡುಗನ ಕೂದಲಿಗೂ ಮೈಗೂ ಕೆಂಪು ಛಾಯೆಯಿದ್ದುದರಿಂದ ಗೆಳೆಯರು ಆತನನ್ನು 'ರೆಡ್' ಎಂದರು.

1940ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಆತ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ. ಅಲ್ಲಿಯೇ ದುಡಿಯುತ್ತಿದ್ದ ಮತ್ತೊಬ್ಬ ಕೆಂಗೂದಲಿನ ತರುಣನೂ 'ರೆಡ್' ಆಗಿದ್ದ. ಗುರುತು ತಪ್ಪದಿರಲೆಂದು ಒಬ್ಬ 'ಷಿಕಾಗೋ ರೆಡ್', ಇನ್ನೊಬ್ಬ 'ಡೆಟ್ರಾಯಿಟ್ ರೆಡ್' ಆದರು. ಆ ಎರಡನೆಯವನೇ ಮುಂದೆ ಮಾಲ್ಕಮ್ ಎಕ್ಸ್ ಎಂದು ಲೋಕಪ್ರಸಿದ್ಧನಾದ; ಬಿಳಿಯ ಒಡೆಯರು ತನ್ನ ಹಿರಿಯರ ಮೇಲೆ ಹೇರಿದ್ದೆಂದು ಮನೆತನದ ಹೆಸರನ್ನೇ ತೊರೆದ. ನಮ್ಮ ನಗೆಗಾರನೂ ಮನೆತನದ ಹೆಸರನ್ನು ಬದಿಗಿಟ್ಟು, ಬೇಸ್‌ಬಾಲ್ ಆಟಗಾರ ಜಿಮ್ಮಿ ಫಾಕ್ಸ್‌ನ ಹೆಸರನ್ನು ತನ್ನದರ ಮುಂದೆ ಸೇರಿಸಿಕೊಂಡ. ಆ ಆಟಗಾರನ ಹೆಸರಿನ ಕೊನೆಯಲ್ಲಿ ಎರಡು 'ಎಕ್ಸ್' ಅಕ್ಷರಗಳು. ಅದಕ್ಕೆ ಸಾಟಿಯೆಂಬಂತೆ ಈತನ ರೆಡ್‌ಗೂ ಎರಡು 'ಡಿ'.

ಕರಿಯರ ಕ್ಲಬ್ಬುಗಳಲ್ಲಿ ಆತ ವರ್ಷಗಟ್ಟಲೆ ದುಡಿದ. 1956ರಿಂದ ಆತನ ಮಾತುಗಳ ಧ್ವನಿಮುದ್ರಿಕೆಗಳು ಹೊರಬಂದವು. ಸಭ್ಯರ ಮುಂದೆ ಆಡಲಾಗದ ಮಾತುಗಳಾದ ಕಾರಣ ಅವನ್ನು ಅಂಗಡಿಯಲ್ಲಿ ಮರೆಯಾಗಿಟ್ಟು ಮಾರುವುದೂ ಇತ್ತು. ಬಿಳಿಯ ಅಮೆರಿಕ ಆತನನ್ನು ಮನೆಯೊಳಗೆ ಕರೆದದ್ದು 1972ರಲ್ಲಿ, 'ಸ್ಯಾನ್‌ಫರ್ಡ್ ಅಂಡ್ ಸನ್' ಎಂಬ ದೂರದರ್ಶನ ಧಾರಾವಾಹಿಯ ಮೂಲಕ. ಅದರಲ್ಲಿ ಆತನದು ಲಾಸ್ ಏಂಜಲಿಸ್ ನಗರದ ಗುಜರಿ ವ್ಯಾಪಾರಿಯ ಪಾತ್ರ. ಹೆಸರು ಫ್ರೆಡ್ ಸ್ಯಾನ್‌ಫರ್ಡ್. ಅದು ಆತನ ಅಣ್ಣನ ಹೆಸರು, ಬಿಟ್ಟುಹೋದ ತಂದೆಯ ಹೆಸರೂ ಹೌದು.

ಈ ಗುಜರಿಯ ಮುದುಕ ಮಗನನ್ನು ಬಿಟ್ಟಿರಲಾರ. ಮಗ ಬೇರೆ ಹೋಗುತ್ತೇನೆಂದರೆ ಎದೆ ಹಿಡಿದುಕೊಂಡು, ತೀರಿಹೋದ ಹೆಂಡತಿಯನ್ನು ಕೂಗುತ್ತ, ಸತ್ತೇಹೋದೆನೆಂಬಂತೆ ಅಭಿನಯಿಸುವನು. ಜನ ನಕ್ಕರು. ನನಗಾದರೋ ಆ ನಗೆಯ ಅಡಿಯಲ್ಲಿ ಬೇರೊಂದು ಕಾಣುತ್ತದೆ: ತೊರೆದು ಹೋದವನ ಹೆಸರನ್ನು ಆತ ತೊರೆಯಲಾರದ ತಂದೆಗೆ ಇಟ್ಟ.

1991ರ ಅಕ್ಟೋಬರ್ 11ರಂದು ಮತ್ತೊಂದು ಧಾರಾವಾಹಿಯ ತಾಲೀಮಿನಲ್ಲಿ ರೆಡ್ ಫಾಕ್ಸ್ ಕುಸಿದುಬಿದ್ದ. ಎಂದಿನ ತಮಾಷೆಯೆಂದೇ ಸುತ್ತಲಿನವರು ಮೊದಲು ತಿಳಿದರು. ಅದು ನಿಜವಾದ ಹೃದಯಾಘಾತ. ಅದೇ ದಿನ ಆತ ತೀರಿಕೊಂಡ.

ಊರು ಕೊಟ್ಟ ಹೆಸರಿನಿಂದ ಆತ ಅನ್ನ ಸಂಪಾದಿಸಿದ. ಮನೆ ಕೊಟ್ಟ ಹೆಸರಿಗೆ ತಾನೇ ಗೌರವ ಸಂಪಾದಿಸಿಕೊಟ್ಟ. ಎರಡನೆಯದೇ ಹೆಚ್ಚಿನ ಸಾಧನೆಯೆಂದು ನನ್ನ ಎಣಿಕೆ.