ಸ್ಥಿರಚಿತ್ರದಿಂದ ಸಾಕ್ಷ್ಯಚಿತ್ರಕ್ಕೆ: ಕೃಪಾಕರ-ಸೇನಾನಿ ಕಂಡ ಕಾಡು

ಕೃಪಾಕರ-ಸೇನಾನಿ ಎಂಬುದು ಮೈಸೂರಿನ ಇಬ್ಬರು ಗೆಳೆಯರ ಜೋಡಿ ಹೆಸರು. ಛಾಯಾಚಿತ್ರ, ಪುಸ್ತಕ, ಸಾಕ್ಷ್ಯಚಿತ್ರ ಯಾವುದೇ ಇರಲಿ, ಎಲ್ಲವೂ ಈ ಒಂದೇ ಹೆಸರಿನಲ್ಲಿ ಹೊರಬಂದಿವೆ. ಅವರು ಮೊದಲು ಹಿಡಿದದ್ದು ಸ್ಥಿರಚಿತ್ರದ ಕ್ಯಾಮೆರಾ. ಸಾಕ್ಷ್ಯಚಿತ್ರ ಬಂದದ್ದು ಆಮೇಲೆ.

ಅವರ ಹಿಂದೆ ಕರ್ನಾಟಕದಲ್ಲಿ ವನ್ಯಜೀವಿ ಛಾಯಾಗ್ರಹಣದ ಗಟ್ಟಿ ಪರಂಪರೆಯೇ ಇತ್ತು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅದನ್ನು ಕಟ್ಟಿದವರು. ಸ್ಪರ್ಧೆಗಳಲ್ಲಿ ಬೆಳೆದ ಈ ಕಲೆಯಲ್ಲಿ ಒಂದು ಚೌಕಟ್ಟು ತಾನೇ ಪೂರ್ಣವಾಗಿರಬೇಕು. ಬೆಳಕು, ಭಂಗಿ, ಹಿನ್ನೆಲೆ ಮೂರೂ ಒಂದು ಕ್ಷಣದಲ್ಲಿ ಕೂಡಿಬರಬೇಕು. ಒಂದು ರೋಲಿನಲ್ಲಿ 36 ಚಿತ್ರಗಳಷ್ಟೇ ಸಿಗುತ್ತಿದ್ದ ಕಾಲದಲ್ಲಿ ಕಾಯುವುದನ್ನು ಬಿಟ್ಟು ಬೇರೆ ದಾರಿಯೂ ಇರಲಿಲ್ಲ. ಕೃಪಾಕರ-ಸೇನಾನಿಯವರ ಬಂಡವಾಳವೂ ಇದೇ ಕಾಯುವಿಕೆ. ಆದರೆ ಅವರ ಗಮನ ಪ್ರಾಣಿಯ ಅಂದದಿಂದ ಅದರ ಸಂಸಾರದ ಕಡೆಗೆ ಸರಿಯಿತು. ಆ ಸಂಸಾರವನ್ನು ಅವರಿಗೆ ತೋರಿಸಿಕೊಟ್ಟದ್ದು ಕೆನ್ನಾಯಿ.

ಸೀಳುನಾಯಿ, ಕಾಡುನಾಯಿ ಎಂದೂ ಕರೆಯುವ ಈ ಪ್ರಾಣಿಯಷ್ಟು ಕೆಟ್ಟ ಹೆಸರು ಹೊತ್ತ ಬೇಟೆಗಾರ ನಮ್ಮ ಕಾಡಿನಲ್ಲಿ ಇನ್ನೊಂದಿಲ್ಲ. ಬ್ರಿಟಿಷರ ಕಾಲದಲ್ಲಿ ಇದನ್ನು ಕೊಂದವರಿಗೆ ಇನಾಮು ಕೊಡುತ್ತಿದ್ದರು. ಹುಲಿಯಂತೆ ಕುತ್ತಿಗೆ ಹಿಡಿದು ಕೊಲ್ಲದೆ, ಓಡುತ್ತಿರುವ ಜಿಂಕೆಯನ್ನು ಗುಂಪಾಗಿ ಹರಿಯುವುದರಿಂದ ನೋಡುವವರಿಗೆ ಅದು ಕ್ರೂರಿಯಾಗಿ ಕಾಣುತ್ತದೆ. ಬೇಟೆಯ ಒಂದೇ ಒಂದು ಸ್ಥಿರಚಿತ್ರ ಆ ಅಪವಾದಕ್ಕೆ ಸಾಕ್ಷಿ ಹೇಳಿಬಿಡಬಲ್ಲದು. ಆದರೆ ಅವಸರದಲ್ಲಿ ತಿಂದ ಅದೇ ನಾಯಿ ಗೂಡಿಗೆ ಮರಳಿ ಮರಿಗಳ ಮುಂದೆ ಮಾಂಸವನ್ನು ಕಕ್ಕುತ್ತದೆ. ಮರಿಗಳು ಒಂದೇ ಹೆಣ್ಣಿನವಾದರೂ ಗುಂಪಿನ ಉಳಿದವೂ ಅವನ್ನು ಸಾಕುತ್ತವೆ. ಬೇಟೆಗೆ ಹೋಗದೆ ಕಾವಲು ಕೂತದ್ದಕ್ಕೂ ಪಾಲು ಸಿಗುತ್ತದೆ. ಮರಿಯೊಂದು ದೊಡ್ಡ ನಾಯಿಯ ಬಾಯಿ ನೆಕ್ಕುವುದನ್ನು ಛಾಯಾಚಿತ್ರ ಸೊಗಸಾಗಿ ಹಿಡಿಯುತ್ತದೆ. ಯಾಕೆ ನೆಕ್ಕುತ್ತದೆ ಎಂಬುದಕ್ಕೆ ಹಿಂದಿನ ಒಂದು ಗಂಟೆಯ ಕಥೆ ಬೇಕು. ಚದುರಿದ ಗುಂಪು ಮತ್ತೆ ಸೇರಲು ಹಾಕುವ ಸಿಳ್ಳೆಯಂತೂ ಯಾವ ಚೌಕಟ್ಟಿಗೂ ಸಿಗದು. ಇಂಥ ವಸ್ತುವೇ ಚಲನಚಿತ್ರವನ್ನು ಕೇಳುತ್ತದೆ.

ಬಂಡೀಪುರದ ಕೆನ್ನಾಯಿಗಳನ್ನು ವೈಜ್ಞಾನಿಕವಾಗಿ ಅಧ್ಯಯನ ಮಾಡಿದವರಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಮೊದಲಿಗರು, 1976ರಿಂದ 1978ರವರೆಗೆ ಅವರು ಅಲ್ಲಿ ಕೆಲಸ ಮಾಡಿದರು. ವಿಜ್ಞಾನ ದಾಖಲಿಸಿದ ಈ ಬದುಕನ್ನು ಜನ ಕಣ್ಣಾರೆ ಕಾಣುವಂತೆ ಮಾಡಿದ್ದು ಕೃಪಾಕರ-ಸೇನಾನಿಯವರ ‘ವೈಲ್ಡ್ ಡಾಗ್ ಡೈರೀಸ್’ ಮತ್ತು ‘ದ ಪ್ಯಾಕ್’. ಎರಡನೆಯದಕ್ಕೆ 2010ರಲ್ಲಿ ಬ್ರಿಸ್ಟಲ್‌ನ ವೈಲ್ಡ್‌ಸ್ಕ್ರೀನ್ ಉತ್ಸವದಲ್ಲಿ, ಗ್ರೀನ್ ಆಸ್ಕರ್ ಎಂದೇ ಹೆಸರಾದ ಪಾಂಡಾ ಪ್ರಶಸ್ತಿ ಬಂತು. ಅದೇ ಅನುಭವ ‘ಕೆನ್ನಾಯಿಯ ಜಾಡಿನಲ್ಲಿ’ ಎಂಬ ಪುಸ್ತಕವಾಗಿಯೂ ಕನ್ನಡಕ್ಕೆ ದಕ್ಕಿದೆ.

ಇವರ ಕೆಲಸದಲ್ಲಿ ಮನುಷ್ಯನೂ ಕಾಡಿನ ಹೊರಗೆ ಉಳಿಯುವುದಿಲ್ಲ. 1997ರ ಅಕ್ಟೋಬರ್‌ನಲ್ಲಿ ಕಾಡುಗಳ್ಳ ವೀರಪ್ಪನ್ ಈ ಇಬ್ಬರನ್ನೂ ಅಪಹರಿಸಿದ. 14 ದಿನ ಸೆರೆಯಲ್ಲಿದ್ದರು. ಅದನ್ನು ಕುರಿತ ಅವರ ಕಥನದಲ್ಲಿ ಹಕ್ಕಿ, ಪ್ರಾಣಿ, ಅಪಹರಣಕಾರರು ಎಲ್ಲರನ್ನೂ ಕಾಣುವುದು ಅದೇ ತಾಳ್ಮೆಯ ಕಣ್ಣು. ಮುಂದೆ ಬಂಡೀಪುರದ ಅಂಚಿನ ಹಳ್ಳಿಗಳ ಸೌದೆಯ ಹೊರೆಯನ್ನು ಕಾಡಿನ ಮೇಲಿಂದ ಇಳಿಸಲು ‘ನಮ್ಮ ಸಂಘ’ದ ಮೂಲಕ ಮನೆಗಳಿಗೆ ಅಡುಗೆ ಅನಿಲ ತಲುಪಿಸುವ ಕೆಲಸಕ್ಕೂ ಕೈಹಾಕಿದರು. ಛಾಯಾಗ್ರಾಹಕನ ಕೆಲಸ ಚಿತ್ರ ತೆಗೆದಲ್ಲಿಗೆ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಕೆನ್ನಾಯಿಯ ಈ ವಿಷಯ ದಕ್ಷಿಣ ಕನ್ನಡದ ಮೆಲ್ಕಾರಿಗೂ ದೂರದ್ದಲ್ಲ. ಪಕ್ಕದ ಪಾಣೆಮಂಗಳೂರಿನಲ್ಲಿ ಹರಿಯುವ ನೇತ್ರಾವತಿ ಇಳಿದುಬರುವುದು ಕುದುರೆಮುಖದ ಕಡೆಯ ಘಟ್ಟಗಳಿಂದ. ಬೆಳ್ತಂಗಡಿಯ ಮೇಲಿನ ಆ ಕಾಡುಗಳಲ್ಲೂ ಕೆನ್ನಾಯಿಗಳಿವೆ. ಬಂಡೀಪುರದ ಒಣ ಕಾಡಿನಲ್ಲಿ ಬೇಸಿಗೆಗೆ ಎಲೆ ಉದುರಿ ಬೆಳಕು ನೆಲ ಮುಟ್ಟುತ್ತದೆ, ದೂರದವರೆಗೆ ಕಾಣುತ್ತದೆ. ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ನಡುಹಗಲಲ್ಲೂ ಮಬ್ಬು. ಮಳೆ ತಿಂಗಳುಗಟ್ಟಲೆ ಬಿಡದು. ಗುಂಪೊಂದನ್ನು ವರ್ಷಗಟ್ಟಲೆ ಹಿಂಬಾಲಿಸುವುದು ಅಲ್ಲಿ ಇನ್ನಷ್ಟು ಕಷ್ಟ. ಕೆನ್ನಾಯಿ ಇಂದು ಜಾಗತಿಕವಾಗಿ ಅಪಾಯದ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಕ್ಯಾಮೆರಾ ಹಿಡಿದ ಈ ಸೀಮೆಯ ತರುಣರು ತಮ್ಮ ಘಟ್ಟದ ಕೆನ್ನಾಯಿಗೂ ಅಷ್ಟೇ ದೀರ್ಘ ಕಾಲ ಕೊಡಬೇಕು.