ಹಳೆಯ ಫೋಲ್ಡರುಗಳನ್ನು ಅಳಿಸುವ ಮುನ್ನ



ಕಂಪ್ಯೂಟರ್ ತಜ್ಞರು ತುಂಬಿರುವ ಈ ಸಭೆಯಲ್ಲಿ ವೈದ್ಯನೊಬ್ಬ ಸರ್ವರಿನ ಮಾತೆತ್ತುವುದು ಅಧಿಕಪ್ರಸಂಗವೆನಿಸೀತು. ಆದರೆ ನಮ್ಮಲ್ಲಿ ಅನೇಕರು ಚಿಕಿತ್ಸಾಲಯವನ್ನೋ ಸಣ್ಣ ಕಚೇರಿಯನ್ನೋ ನಡೆಸುವವರು. ಎರಡು ಸಂಸ್ಥೆಗಳು ಒಂದಾದಾಗ ವಿಂಡೋಸ್ ಸರ್ವರುಗಳನ್ನು ಹೊಸ ಡೊಮೈನಿಗೆ ಸಾಗಿಸುತ್ತಾರೆ. ಹಂಚಿಕೆಯ ಫೋಲ್ಡರುಗಳು ಹಳೆಯ ಯಂತ್ರದಲ್ಲಿ ಉಳಿಯುತ್ತವೆ. "ಎಲ್ಲವೂ ನಕಲಾಗಿದೆ, ಅಳಿಸೋಣವೇ?" ಎಂಬ ಪ್ರಶ್ನೆ ಆಗ ಯಜಮಾನನ ಮುಂದೆ ಬರುತ್ತದೆ.

ಎದೆನೋವಿನ ರೋಗಿಯ ಇ.ಸಿ.ಜಿ.ಯಲ್ಲಿ ವ್ಯತ್ಯಾಸ ಕಂಡರೆ ನಾವು ಹುಡುಕುವುದು ಆತನ ಹಳೆಯ ಇ.ಸಿ.ಜಿ.ಯನ್ನು. ವ್ಯತ್ಯಾಸ ಇಂದಿನದೋ ಹತ್ತು ವರ್ಷದ್ದೋ ಎಂಬುದನ್ನು ಅದೇ ಹೇಳಬೇಕು. ಯಾರೂ ತೆರೆಯದ 'ಸ್ಕ್ಯಾನ್' ಫೋಲ್ಡರಿನಲ್ಲಿ ಅದು ಅಡಗಿರಬಹುದು.

ಶಸ್ತ್ರವೈದ್ಯರು ಸಂದೇಹವಿರುವ ರಕ್ತನಾಳವನ್ನು ಕತ್ತರಿಸುವ ಮುನ್ನ ಕ್ಲಾಂಪ್ ಹಾಕಿ ಅಂಗದ ಬಣ್ಣ ನೋಡುತ್ತಾರೆ. ಇಲ್ಲಿಯೂ ಅದೇ ಕ್ರಮ. ಮೊದಲು ಹಂಚಿಕೆಯನ್ನಷ್ಟೇ ನಿಲ್ಲಿಸಬೇಕು. ಕಡತಗಳು ಇದ್ದಲ್ಲಿಯೇ ಇರುತ್ತವೆ. ಹಂಚಿಕೆಗೆ ಕೊಟ್ಟ ಅನುಮತಿಗಳು ಮಾತ್ರ ಅಳಿಯುವುದರಿಂದ, ರಿಜಿಸ್ಟ್ರಿಯಲ್ಲಿರುವ ಅವುಗಳ ಪಟ್ಟಿಯನ್ನು ಮೊದಲೇ ತೆಗೆದಿಡತಕ್ಕದ್ದು. ಡಾಲರ್ ಚಿಹ್ನೆಯಿಂದ ಮುಗಿಯುವ ಹೆಸರಿನ ಗುಪ್ತ ಹಂಚಿಕೆಗಳನ್ನು ಮರೆಯಬಾರದು. ಎಷ್ಟು ದಿನ ಕಾಯಬೇಕು? ತಿಂಗಳ ಸಂಬಳ, ತ್ರೈಮಾಸಿಕ ತೆರಿಗೆ ಎರಡೂ ಒಮ್ಮೆ ಕಳೆಯಲಿ ಎಂಬುದು ನನ್ನ ಅಭಿಪ್ರಾಯ. ಒಂದು ವಾರಾಂತ್ಯ ಸಾಕೆನ್ನುವ ತಂತ್ರಜ್ಞರೂ ಇದ್ದಾರೆ. ಮುಚ್ಚಿದ ಕಚೇರಿಯಿಂದ ದೂರು ಬರುವುದಿಲ್ಲವೆಂಬುದೇನೋ ನಿಜ!

ಅನುಮತಿಪಟ್ಟಿಯಲ್ಲಿ ಹೆಸರಿನ ಬದಲು ಎಸ್-1-5-21 ಎಂದು ತೊಡಗುವ ಉದ್ದನೆಯ ಅಂಕಿ ಕಂಡರೆ ಕಸವೆಂದು ಭಾವಿಸಬೇಡಿ. ಅದು ಹಳೆಯ ಡೊಮೈನಿನ ಗುರುತಾಗಿದ್ದು, 'ಸಿಡ್ ಹಿಸ್ಟರಿ'ಯ ಮೂಲಕ ಹೊಸ ಖಾತೆಗೂ ಪ್ರವೇಶ ಕೊಡುತ್ತಿರಬಹುದು. ಹೊಸ ಗುಂಪಿಗೆ ಅನುಮತಿಯಿತ್ತು ಪರೀಕ್ಷಿಸಿದ ಮೇಲೆಯೇ ಅದನ್ನು ತೆಗೆಯಬೇಕು.

ಸಿಸ್‌ವಾಲ್, ನೆಟ್‌ಲಾಗನ್ ಎಂಬೆರಡು ಹಂಚಿಕೆಗಳ ಮಾತೇ ಬೇರೆ. ಅವು ಡೊಮೈನ್ ಕಂಟ್ರೋಲರಿನ ಜೀವನಾಡಿ. ಕಂಟ್ರೋಲರನ್ನು ವಿಧಿಪೂರ್ವಕವಾಗಿ ಆ ಹುದ್ದೆಯಿಂದ ಇಳಿಸಿದರೆ ಅವು ತಾವಾಗಿ ನಿಲ್ಲುತ್ತವೆ; ಅದಕ್ಕೆ ಮುನ್ನ ಕೈಯಿಕ್ಕಬಾರದು. ಸಿಸ್‌ವಾಲಿನೊಳಗೆ ಫೋಲ್ಡರಿನಂತೆಯೇ ಕಾಣುವ 'ಜಂಕ್ಷನ್'ಗಳಿವೆ. ಅವು ಪ್ರತಿಗಳಲ್ಲ, ಇನ್ನೊಂದು ಫೋಲ್ಡರಿಗೆ ತೆರೆಯುವ ಬಾಗಿಲುಗಳು. ಒಂದೇ ಸಾಮಗ್ರಿ ಎರಡು ಕಡೆ ಇದೆಯೆಂದು ಒಳಹೊಕ್ಕು ಬರಿದು ಮಾಡಿದರೆ ಮೂಲವೇ ಹೋಗುತ್ತದೆ. ಆ ಅಳಿವು ಉಳಿದ ಕಂಟ್ರೋಲರುಗಳಿಗೂ ನಕಲಾಗುತ್ತದೆ.

ಕೊನೆಗೆ ಅಳಿಸುವ ದಿನ ಬಂದಾಗ, ಬ್ಯಾಕಪ್ಪಿನಿಂದ ಕೆಲವು ಕಡತಗಳನ್ನು ಬೇರೆ ಯಂತ್ರಕ್ಕೆ ಇಳಿಸಿ ತೆರೆದು ನೋಡಿರಿ. ರೋಗಿಗಳ ದಾಖಲೆಗಳನ್ನು ಇಡಬೇಕಾದ ಅವಧಿ ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಕ್ಕಳ ದಾಖಲೆಗಳಿಗೆ ಸಾಮಾನ್ಯವಾಗಿ ಇನ್ನೂ ದೀರ್ಘ. ಅದನ್ನು ವಕೀಲರಲ್ಲಿ ವಿಚಾರಿಸಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆದು, ತಂತ್ರಜ್ಞರ ಕೈಗೆ ಕೊಡಿ.