ಬೇಸ್ ಬಾಕ್ಸ್ ಎಲ್ಲಿಡಬೇಕು?

(ಸುವರ್ಣ ಮಹೋತ್ಸವದ ಎರಡನೆಯ ದಿನ ಬೆಳಿಗ್ಗೆ ಶಾಲೆಯ ಸಭಾಂಗಣದಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗಿಂತ ಮೊದಲು ಮಾತಾಡಿದ ಮೂವರಲ್ಲಿ ಒಬ್ಬರು ಡಾಕ್ಟರು, ಒಬ್ಬರು ಇಂಜಿನಿಯರು, ಒಬ್ಬರು ಕಾಲೇಜಿನ ಪ್ರಾಧ್ಯಾಪಕರು. ನಾನು ಮೈಕ್ ಸೆಟ್ಟಿನವನು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಎರಡನೇ ಸಲಕ್ಕೆ ಪಾಸು ಮಾಡಿದವನು. ನಿಮ್ಮ ಮದುವೆ, ನಾಮಕರಣ, ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಮೂಲೆಯಲ್ಲಿ ಮಿಕ್ಸರ್ ಮುಂದೆ ಕೂತಿರುವವನನ್ನು ನೋಡಿದ್ದೀರಲ್ಲ, ಅವನೇ. ಇಪ್ಪತ್ತೈದು ವರ್ಷದಿಂದ ಅದೇ ಕೆಲಸ.

ನನ್ನನ್ನು ಮಾತಾಡಲು ಯಾಕೆ ಕರೆದರು ಅಂತ ಹೇಳಿಬಿಡುತ್ತೇನೆ. ಇವತ್ತು ಸಂಜೆ ಇದೇ ಹಾಲಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳ ಬ್ಯಾಂಡು ನುಡಿಸುತ್ತದೆ, ಶಾಲೆಯ ಮಕ್ಕಳು ಹಾಡುತ್ತಾರೆ. ನಿನ್ನೆ ರಾತ್ರಿ ಸಾಮಾನು ಇಳಿಸುವಾಗ ಸಮಿತಿಯವರು ಬಂದು, 'ಆ ಎರಡು ದೊಡ್ಡ ಬೇಸ್ ಬಾಕ್ಸುಗಳನ್ನು ವೇದಿಕೆಯ ಆಚೆಗೊಂದು ಈಚೆಗೊಂದು ಗೋಪುರದ ಹಾಗೆ ನಿಲ್ಲಿಸಪ್ಪ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ' ಅಂದರು. ನಾನು, 'ಎರಡನ್ನೂ ಜೊತೆಯಾಗಿ ನಡುವೆ, ನೆಲದ ಮೇಲೆ ಇಡುತ್ತೇನೆ' ಅಂದೆ. 'ಅಲ್ಲಿ ಹೂವಿನ ಅಲಂಕಾರ ಇದೆಯಲ್ಲೋ' ಅಂದರು. ಸ್ವಲ್ಪ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಹಿರಿಯರೊಬ್ಬರು, 'ಯಾಕೆ ಅಂತ ನಾಳೆ ಎಲ್ಲರೆದುರೇ ಹೇಳು, ಒಪ್ಪಿಗೆಯಾದರೆ ಹೂವನ್ನು ಸರಿಸೋಣ' ಅಂದರು. ಅದಕ್ಕೇ ನಿಂತಿದ್ದೇನೆ.

ಮೊದಲು ನಮ್ಮ ವಿಜ್ಞಾನದ ಮೇಷ್ಟ್ರನ್ನು ನೆನೆಯುತ್ತೇನೆ. ಒಂಬತ್ತನೇ ತರಗತಿಯಲ್ಲಿ ಅವರು ಬಾವಿಯ ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ನನ್ನ ಕೈಗೆ ಕೊಟ್ಟು 'ಅಲ್ಲಾಡಿಸು' ಅಂದರು. ಒಂದು ಹದದಲ್ಲಿ ಅಲ್ಲಾಡಿಸಿದಾಗ ಹಗ್ಗ ಎರಡು ಮೂರು ಹೊಟ್ಟೆಗಳಾಗಿ ಕುಣಿಯಿತು. ಹೊಟ್ಟೆ ಹೊಟ್ಟೆಗಳ ನಡುವೆ ಒಂದೊಂದು ಜಾಗ ಮಾತ್ರ ಅಲ್ಲಾಡದೆ ನಿಂತಿತ್ತು. 'ನೋಡಿದೆಯಾ, ಕೈ ಅಷ್ಟು ಜೋರಾಗಿ ಆಡುತ್ತಿದ್ದರೂ ಅಲ್ಲಿ ಏನೂ ಇಲ್ಲ' ಅಂದರು. ಅವತ್ತು ನನಗೆ ಅದು ಆಟ. ಅನ್ನ ಕೊಡುವ ಪಾಠ ಅಂತ ತಿಳಿದದ್ದು ಹತ್ತು ವರ್ಷದ ಮೇಲೆ.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, ಅಂದರೆ 1,100 ಅಡಿಗೂ ಸ್ವಲ್ಪ ಹೆಚ್ಚು ಓಡುತ್ತದೆ. 1,000 ಹರ್ಟ್ಸ್ ಶಬ್ದದ ಒಂದು ಅಲೆಯ ಉದ್ದ ಒಂದು ಅಡಿಗಿಂತ ತುಸು ಹೆಚ್ಚು. ಆದರೆ 50 ಹರ್ಟ್ಸ್ ಶಬ್ದದ ಒಂದು ಅಲೆ 22 ಅಡಿ. ಡ್ರಮ್ ಸೆಟ್ಟಿನ ಕಾಲಡಿಯ ದೊಡ್ಡ ಡ್ರಮ್ಮಿನ ಗುದ್ದು ಆಸುಪಾಸಿನಲ್ಲೇ ಇರುತ್ತದೆ. ನಾಲ್ಕು ತಂತಿಯ ಬೇಸ್ ಗಿಟಾರಿನ ದಪ್ಪ ತಂತಿ ಇನ್ನೂ ಕೆಳಗೆ, 41 ಹರ್ಟ್ಸ್. ಎರಡು ಮೂರು ಅಡಿಯ ಪೆಟ್ಟಿಗೆಯಿಂದ 22 ಅಡಿಯ ಅಲೆ ಹೊರಟರೆ ಅದಕ್ಕೆ ಹಿಂದು ಮುಂದು ಇಲ್ಲ, ಎಲ್ಲ ದಿಕ್ಕಿಗೂ ಹೋಗುತ್ತದೆ. ಟಾಪ್ ಸ್ಪೀಕರನ್ನು ಜನರ ಕಡೆ ತಿರುಗಿಸಬಹುದು, ಬೇಸನ್ನು ಹಾಗೆ ತಿರುಗಿಸಲಾಗದು. ನಮ್ಮ ಕೈಯಲ್ಲಿರುವುದು ಬಾಕ್ಸ್ ಇಡುವ ಜಾಗ.

ಈಗ ಇದೇ ಹಾಲು. ಮೊನ್ನೆ ಟೇಪು ಹಿಡಿದು ಅಳೆದೆ: ಉದ್ದ 44 ಅಡಿ, ಅಗಲ 30 ಅಡಿ. ಸಮಿತಿಯವರು ಹೇಳಿದ ಹಾಗೆ ಎರಡು ಬಾಕ್ಸುಗಳನ್ನು 24 ಅಡಿ ದೂರದಲ್ಲಿ ಆಚೆ ಈಚೆ ಇಟ್ಟೆ ಅಂತ ಇಟ್ಟುಕೊಳ್ಳಿ. ಎಡಗಡೆ ಬಾಕ್ಸಿನ ನೇರಕ್ಕೆ ಸುಮಾರು 20 ಅಡಿ ಹಿಂದೆ ಕುಳಿತವರಿಗೆ ಅದರ ಶಬ್ದ ಮೊದಲು ಬರುತ್ತದೆ. ಬಲಗಡೆಯ ಶಬ್ದ ಇನ್ನೂ 11 ಅಡಿ ಹೆಚ್ಚು ನಡೆದು ಬರಬೇಕು. 11 ಅಡಿ ಅಂದರೆ 50 ಹರ್ಟ್ಸ್‌ನ ಅರ್ಧ ಅಲೆ. ಒಂದು ಗಾಳಿಯನ್ನು ತಳ್ಳುವ ಹೊತ್ತಿಗೆ ಇನ್ನೊಂದು ಎಳೆಯುತ್ತದೆ. ಎರಡೂ ಬಹುಪಾಲು ಹೊಡೆದುಹೋಗಿ ಆ ಕುರ್ಚಿಯಲ್ಲಿ ಬೇಸ್ ಸಪ್ಪೆ. ಬಾಕ್ಸ್ ಎದುರಿಗೇ ಇದೆ, ಆದರೂ ಅವರಿಗೆ ಗುದ್ದು ಸಿಗುವುದಿಲ್ಲ. ಹಾಲಿನ ನಟ್ಟನಡುವೆ ಕುಳಿತವರಿಗೆ ಎರಡೂ ಒಟ್ಟಿಗೆ ಬಂದು ಎದೆಗೆ ಬಡಿಯುತ್ತದೆ. ಆಚೆಯವರು 'ಬೇಸ್ ಇಲ್ಲ, ಏರಿಸು' ಅನ್ನುತ್ತಾರೆ, ನಡುವಿನವರು 'ಸಾಕು, ಇಳಿಸು' ಅನ್ನುತ್ತಾರೆ. ಮಿಕ್ಸರಿನಲ್ಲಿರುವ ಒಂದು ಬಿರಡೆ ಇಬ್ಬರಿಗೂ ನ್ಯಾಯ ಕೊಡಲಾರದು.

ಎರಡನ್ನೂ ಅಂಟಿಸಿ ಒಂದೇ ಕಡೆ ಇಟ್ಟರೆ ಈ ಜಗಳ ಇಲ್ಲ. ಎಲ್ಲಿ ಕುಳಿತರೂ ಎರಡರ ಅಲೆ ಒಟ್ಟಿಗೇ ಬರುತ್ತದೆ. ಒಂದು ಬಾಕ್ಸಿಗಿಂತ 6 ಡೆಸಿಬಲ್ ಹೆಚ್ಚು ಸಿಗುತ್ತದೆ. ಒಂದೇ ಬಾಕ್ಸಿಗೆ ನಾಲ್ಕು ಪಟ್ಟು ಪವರ್ ಕೊಟ್ಟರೆ ಎಷ್ಟು ಏರುತ್ತದೋ ಅಷ್ಟು. ಹಾಗಾಗಿ ಆಂಪ್ಲಿಫೈಯರನ್ನು ಹಿಂಡುವ ಅಗತ್ಯವೂ ಇಲ್ಲ.

'ಹಾಗಾದರೆ ಮೂಲೆಯಲ್ಲಿಡು, ಯಾರಿಗೂ ಅಡ್ಡ ಇಲ್ಲ' ಅಂತ ಇನ್ನೊಬ್ಬರು ಅಂದರು. ನೆಲ, ಗೋಡೆ ಹತ್ತಿರವಿದ್ದಷ್ಟೂ ಬೇಸ್ ಬೆಳೆಯುತ್ತದೆ, ನಿಜ. ಲೆಕ್ಕದ ಪ್ರಕಾರ ಒಂದೊಂದು ಗೋಡೆಗೂ 6 ಡೆಸಿಬಲ್‌ವರೆಗೆ. ನೆಲ ಮತ್ತು ಎರಡು ಗೋಡೆ ಸೇರುವ ಮೂಲೆಯಲ್ಲಿ ಅತಿ ಹೆಚ್ಚು. ಆದರೆ ಮೂಲೆಯಲ್ಲಿಟ್ಟರೆ ಮೇಷ್ಟ್ರ ಹಗ್ಗದ ಎಲ್ಲ ಕುಣಿತಗಳೂ ಒಟ್ಟಿಗೆ ಏಳುತ್ತವೆ. 44 ಅಡಿಯ ಈ ಹಾಲಿನಲ್ಲಿ 50 ಹರ್ಟ್ಸ್‌ನ ಅಲೆ ಸರಿಯಾಗಿ ಎರಡು ಸಲ ಹಿಡಿಸುತ್ತದೆ. ಗೋಡೆಯ ಪಕ್ಕದಲ್ಲಿ ಗುಂಯ್ ಅನ್ನುತ್ತದೆ, ಅಲ್ಲಿಂದ ಐದೂವರೆ ಅಡಿ ಈಚೆಗೆ ತಣ್ಣಗಾಗುತ್ತದೆ, ಮತ್ತೆ ಮುಂದೆ ಏರುತ್ತದೆ. ಡ್ರಮ್ ನಿಂತ ಮೇಲೂ ಹಾಲು ಗುನುಗುತ್ತಲೇ ಇರುತ್ತದೆ. ಹಾಗೆಯೇ ಹಿಂದಿನ ಗೋಡೆಯಿಂದ ಐದೂವರೆ ಅಡಿ ಮುಂದೆ ಬಾಕ್ಸ್ ಇಟ್ಟರೂ ಕಷ್ಟ. ಗೋಡೆಗೆ ಹೋಗಿ ತಿರುಗಿ ಬರುವ ಅಲೆ 11 ಅಡಿ ತಡವಾಗಿ ಬಂದು ಅದೇ 50 ಹರ್ಟ್ಸನ್ನು ತಿಂದುಹಾಕುತ್ತದೆ. ಹಲಗೆಯ ಟೊಳ್ಳು ವೇದಿಕೆಯ ಮೇಲಿಟ್ಟರೆ ವೇದಿಕೆಯೇ ತಮಟೆಯಾಗುತ್ತದೆ.

ಇಷ್ಟೆಲ್ಲ ಈಗ ಹೇಳುತ್ತೇನೆ. ಆದರೆ ನಾನು ಇದನ್ನು ಕಲಿತದ್ದು ಒಂದು ತಪ್ಪಿನಿಂದ, ಅದರ ಬೆಲೆ ಕೊಟ್ಟದ್ದು ನಾನಲ್ಲ.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಒಂದು ಚಿಕ್ಕ ಕಲ್ಯಾಣ ಮಂಟಪದಲ್ಲಿ ಆರತಕ್ಷತೆ. ನಮ್ಮದೇ ಶಾಲೆಯಲ್ಲಿ ಓದಿದ ಒಬ್ಬ ಹುಡುಗಿ ಮೊದಲ ಸಲ ಬ್ಯಾಂಡಿನ ಜೊತೆ ಹಾಡಲು ಬಂದಿದ್ದಳು. ನಾನು ಆಗಷ್ಟೇ ಹೊಸ ಬೇಸ್ ಬಾಕ್ಸ್ ಕೊಂಡಿದ್ದೆ, ತೋರಿಸುವ ಹುಮ್ಮಸ್ಸು. ಎರಡು ಮೂಲೆಗೆ ಒಂದೊಂದು ನಿಲ್ಲಿಸಿದೆ. ಅವಳು ಹಾಡತೊಡಗಿದಾಗ ಮಂಟಪ ಪೂರ್ತಿ ಗುಂಯ್‌ಗುಟ್ಟುತ್ತಿತ್ತು. ಆ ಗುಂಯ್ ಅವಳ ಮೈಕಿಗೂ ಹೋಗಿ ಮತ್ತೆ ಸ್ಪೀಕರಿನಿಂದ ಬರುತ್ತಿತ್ತು. ಅವಳ ಮಾತು ಕೇಳಿಸಲಿ ಅಂತ ಮೈಕ್ ಏರಿಸಿದೆ, ಕುಯ್ ಅಂತು. ಇಳಿಸಿದೆ, ಅವಳು ಮುಳುಗಿಹೋದಳು. ಎರಡು ಹಾಡಾದ ಮೇಲೆ ಊಟದ ಸಾಲಿನಲ್ಲಿ ಯಾರೋ, 'ಹುಡುಗಿಗೆ ಕಂಠವೇ ಇಲ್ಲ ಬಿಡಿ' ಅಂದರು. ಅವಳು ಹತ್ತಿರದಲ್ಲೇ ಇದ್ದಳು, ಕೇಳಿಸಿಕೊಂಡಳು. ನಾನೂ ಕೇಳಿಸಿಕೊಂಡೆ. ನನ್ನ ತಪ್ಪು ಅಂತ ಆಗಲೇ ಅರ್ಧ ಗೊತ್ತಾಗಿತ್ತು, ಬಾಯಿ ಬಿಡಲಿಲ್ಲ. ಬಾಡಿಗೆ ದುಡ್ಡು ಇಸಿದುಕೊಂಡು ಮನೆಗೆ ಹೋದೆ. ಆಮೇಲೆ ಅವಳು ವೇದಿಕೆ ಹತ್ತಿದ್ದನ್ನು ನಾನು ನೋಡಿಲ್ಲ.

ಜನರಿಗೆ ಬಾಕ್ಸಿನ ತಪ್ಪು ಕಾಣಿಸುವುದಿಲ್ಲ, ಹಾಡುವವರ ತಪ್ಪು ಮಾತ್ರ ಕಾಣಿಸುತ್ತದೆ. ಮೈಕ್ ಸೆಟ್ಟಿನವನ ಜವಾಬ್ದಾರಿ ಏನು ಅಂತ ಅವತ್ತು ತಿಳಿಯಿತು.

ಹಾಗಾಗಿ ಈಗ ಏನು ಮಾಡುತ್ತೇನೆ ಅಂತ ಹೇಳುತ್ತೇನೆ. ಈ ಕೆಲಸಕ್ಕೆ ಬರುವ ಹುಡುಗರು ಇದ್ದರೆ ಗಮನವಿಟ್ಟು ಕೇಳಿ.

ಹಾಲಿಗೆ ಕಾರ್ಯಕ್ರಮಕ್ಕಿಂತ ಎರಡು ಗಂಟೆ ಮೊದಲು ಹೋಗಬೇಕು. ಎಲ್ಲಿಡುವುದು ಅಂತ ಅನುಮಾನ ಬಂದರೆ ಒಂದು ಉಲ್ಟಾ ಉಪಾಯವಿದೆ. ಬಾಕ್ಸನ್ನು ಜನ ಕೂರುವ ಜಾಗದಲ್ಲಿಟ್ಟು, ಬೇಸ್ ಚೆನ್ನಾಗಿರುವ ಒಂದು ಹಾಡು ಹಾಕಿ, ಬಾಕ್ಸ್ ಇಡಲು ಸಾಧ್ಯವಿರುವ ಜಾಗಗಳಿಗೆ ನೀವು ಹೋಗಿ ಬಗ್ಗಿ ಕೇಳಿ. ಎಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಸಮನಾಗಿ ಕೇಳುತ್ತದೋ ಬಾಕ್ಸ್ ಅಲ್ಲಿಗೆ ಬರಲಿ. ಶಬ್ದದ ದಾರಿ ಎರಡೂ ಕಡೆಯಿಂದ ಒಂದೇ.

ಬೇಸ್ ಬಾಕ್ಸಿಗೆ ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನದ್ದು ಮಾತ್ರ ಹೋಗಲಿ. ಹಾಡುವವರ ಮೈಕಿನ ಲೋ ಕಟ್ ಗುಂಡಿಯನ್ನು ಮರೆಯದೆ ಒತ್ತಿ. ಹೆಣ್ಣುಮಕ್ಕಳ ಕಂಠ ಅಷ್ಟು ಕೆಳಗೆ ಇಳಿಯುವುದೇ ಇಲ್ಲ, ಕಳೆದುಕೊಳ್ಳುವುದೇನೂ ಇಲ್ಲ. ಅವತ್ತು ನಾನು ಆ ಒಂದು ಗುಂಡಿ ಒತ್ತಿದ್ದರೂ ಅರ್ಧ ಅನಾಹುತ ತಪ್ಪುತ್ತಿತ್ತು.

ಬೇಸ್ ಬಾಕ್ಸ್ ಟಾಪ್ ಸ್ಪೀಕರಿಗಿಂತ ಮುಂದಿದ್ದರೆ ಅದನ್ನು ಅಡಿಗೆ ಸುಮಾರು ಒಂದು ಮಿಲಿಸೆಕೆಂಡಿನಂತೆ ತಡಮಾಡಿ. ಆಮೇಲೆ ಹಾಲಿನ ನಡುವೆ ನಿಂತು, ಬೇಸಿನ ಪೊಲಾರಿಟಿಯನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ಬದಲಿಸಿ ನೋಡಿ. ಯಾವಾಗ ಗುದ್ದು ತುಂಬಿ ಬರುತ್ತದೋ ಅದು ಸರಿ. ಕೊನೆಗೆ ಹಾಲಿನ ನಾಲ್ಕೂ ಕಡೆ ನಡೆಯಿರಿ. ಪೂರ್ತಿ ಸರಿಯಾದ ಜಾಗ ಯಾವ ಹಾಲಿನಲ್ಲೂ ಸಿಗುವುದಿಲ್ಲ. ಎಲ್ಲಿ ಕೊರತೆ ಇದೆ ಅಂತ ತಿಳಿದಿದ್ದರೆ ಕುರ್ಚಿಯನ್ನಾದರೂ ಸರಿಸಬಹುದು.

ಇನ್ನೊಂದು ಮಾತು, ಶಾಲೆಯ ಹಿಂದಿನ ಮನೆಯ ಬಗ್ಗೆ. ಆ ಮನೆಯಲ್ಲಿ ಬಾಣಂತಿ ಇದ್ದಾಳೆ. ಕೀರಲು ಶಬ್ದವನ್ನು ಗೋಡೆ ತಡೆಯುತ್ತದೆ, ಬೇಸನ್ನು ಅಷ್ಟಾಗಿ ತಡೆಯುವುದಿಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ಜನವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಅಂತ ಮಿತಿ ಇದೆ. ಆದರೆ ಆ ಅಳತೆ ನಮ್ಮ ಕಿವಿಯ ರೀತಿಯನ್ನು ಅನುಸರಿಸಿದ್ದು. 50 ಹರ್ಟ್ಸ್ ಶಬ್ದವನ್ನು ಮೀಟರು 30 ಡೆಸಿಬಲ್ ಕಡಿಮೆ ಮಾಡಿ ತೋರಿಸುತ್ತದೆ. ಮೀಟರ್ ಸುಮ್ಮನಿದ್ದರೂ ಆ ಮನೆಯ ಅಟ್ಟದ ಪಾತ್ರೆಗಳು ಸುಮ್ಮನಿರಲಿಕ್ಕಿಲ್ಲ. ಮೂರು ನಾಲ್ಕು ಬಾಕ್ಸ್ ಇದ್ದರೆ ಒಂದನ್ನು ಹಿಂದಕ್ಕೆ ತಿರುಗಿಸಿ, ಉಲ್ಟಾ ಮಾಡಿ, ತಡಮಾಡಿ ಹಿಂದಿನ ಬೇಸನ್ನು ತಗ್ಗಿಸುವ ವಿದ್ಯೆ ಇದೆ. ಗೋಡೆಗಳು ಇಷ್ಟು ಹತ್ತಿರವಿರುವ ಚಿಕ್ಕ ಹಾಲಿನಲ್ಲಿ ಅದರಿಂದ ಲಾಭ ಕಡಿಮೆ. ಇಲ್ಲಿ ಕೆಲಸಕ್ಕೆ ಬರುವುದು ಹಳೆಯ ಉಪಾಯವೇ: ಬೇಸ್ ತಗ್ಗಿಸುವುದು, ಹೊತ್ತಿಗೆ ಮುಗಿಸುವುದು, ಸಂಜೆಗೆ ಮೊದಲು ಆ ಮನೆಗೆ ಹೋಗಿ ಒಂದು ಮಾತು ಹೇಳಿ ಬರುವುದು. ನಾನು ಬೆಳಿಗ್ಗೆಯೇ ಹೋಗಿ ಬಂದೆ. ಬಾಣಂತಿಯ ತಾಯಿ, 'ಒಂಬತ್ತೂವರೆಗೆ ಮಗು ಮಲಗುತ್ತಪ್ಪ' ಅಂದರು. ಒಂಬತ್ತೂವರೆಗೆ ಬೇಸ್ ಬಂದ್.

ಸಮಿತಿಯವರಲ್ಲಿ ನನ್ನ ಬೇಡಿಕೆ ಎರಡೇ. ಒಂದು, ಬಾಕ್ಸುಗಳು ನಡುವೆ ನೆಲದ ಮೇಲೆ ಇರಲಿ, ಹೂವಿನ ಅಲಂಕಾರ ಅದರ ಎರಡೂ ಪಕ್ಕಕ್ಕೆ ಹೋಗಲಿ. ಎರಡು, ಮಕ್ಕಳ ಜಮಖಾನ ಹತ್ತು ಅಡಿ ಹಿಂದಕ್ಕೆ ಸರಿಯಲಿ. ಬಾಕ್ಸಿನ ಬಾಯಿಗೆ ಮಕ್ಕಳನ್ನು ಕೂರಿಸುವುದು ಬೇಡ, ಕಿವಿ ಒಮ್ಮೆ ಹೋದರೆ ತಿರುಗಿ ಬರುವುದಿಲ್ಲ.

ಅವತ್ತು ಹಾಡಿದ ಆ ತಂಗಿ ಈ ಸಭೆಯಲ್ಲಿದ್ದಾಳೋ ಇಲ್ಲವೋ ತಿಳಿಯದು. ಇದ್ದರೆ, ಇಲ್ಲವೇ ಮುಂದೆ ಈ ಸಂಚಿಕೆಯಲ್ಲಿ ಓದಿದರೆ, ಇಷ್ಟು ಹೇಳಬೇಕು: ನಿನ್ನ ಕಂಠ ಚೆನ್ನಾಗಿತ್ತಮ್ಮ. ಬೆಳಿಗ್ಗೆ ಖಾಲಿ ಮಂಟಪದಲ್ಲಿ, ಮೈಕಿಲ್ಲದೆ ನೀನು ಅಭ್ಯಾಸ ಮಾಡುವಾಗ ನಾನು ವೈರು ಎಳೆಯುತ್ತಾ ಕೇಳಿದ್ದೆ. ತಪ್ಪು ನನ್ನದು.

ಸಂಜೆ ಏಳನೇ ತರಗತಿಯಿಂದ ಹತ್ತನೇ ತರಗತಿವರೆಗಿನ ಮಕ್ಕಳು ಹಾಡುತ್ತಾರೆ. ಅವರ ಮಾತು ಕೊನೆಯ ಸಾಲಿನವರೆಗೂ ಕೇಳಬೇಕು. ಹೂವನ್ನು ಸರಿಸಲು ಯಾರಾದರೂ ಇಬ್ಬರು ಬನ್ನಿ.